ಬ್ಯಾಕಪ್ ಹಚ್ಚಿಕೊಡಿ, ವಾಪಸ್ ತೆಗೆಯುವುದನ್ನೂ ತೋರಿಸಿಕೊಡಿ

ಸಂಪಾದಕರಿಗೆ ನಮಸ್ಕಾರ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಹಚ್ಚಿದವರಿಗೆ 2026ರ ಅಕ್ಟೋಬರ್ 13ರವರೆಗೆ ಗಡುವು ಸಿಕ್ಕಿದೆ, ಅಷ್ಟೇ. ಅಂದಿನಿಂದ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಓಡಾಟ ಜಾಸ್ತಿಯಾಗಿದೆ. ಸಿಪಿಯು ಡಬ್ಬಿಯನ್ನು ಸ್ಕೂಟಿಯ ಮುಂದೆ ಕಾಲಿನ ನಡುವೆ ಇಟ್ಟುಕೊಂಡು ಬರುತ್ತಾರೆ. ಕೆಲವರು ಫಾರ್ಮ್ಯಾಟ್ ಮಾಡಿಸಿ, ಅಂದರೆ ಡಿಸ್ಕ್ ಅಳಿಸಿ, ಹೊಸ ವಿಂಡೋಸ್ ಹಾಕಿಸುತ್ತಾರೆ. ಕೆಲವರು ಹಳೆಯದನ್ನು ಕೊಟ್ಟು ಹೊಸ ಲ್ಯಾಪ್‌ಟಾಪ್ ಒಯ್ಯುತ್ತಾರೆ. ಈ ಗಡಿಬಿಡಿಯಲ್ಲಿ ಹಾಳಾಗುವುದು ಮಗಳ ಮದುವೆಯ ಫೋಟೋ, ಪಿಎಚ್‌ಡಿಯ ಅಧ್ಯಾಯ, ಅಡತಿ ಅಂಗಡಿಯ ಲೆಕ್ಕ, ಸ್ಕ್ಯಾನ್ ಮಾಡಿಟ್ಟ 371(ಜೆ) ಪ್ರಮಾಣಪತ್ರ.

ನಾನು ಇಲ್ಲಿ ಡಿಟಿಪಿ ಕೇಂದ್ರ ನಡೆಸುತ್ತೇನೆ. ಲಗ್ನಪತ್ರಿಕೆ, ಅಫಿಡವಿಟ್, ಪ್ರಬಂಧಗಳ ಟೈಪಿಂಗ್ ನನ್ನ ಕೆಲಸ. ಬೇಳೆ ಮಿಲ್‌ಗಳ ಲೆಕ್ಕವನ್ನೂ ನೋಡುತ್ತೇನೆ. ಎಲ್ಲೋ ಒಂದು ಕಂಪ್ಯೂಟರ್ ಕೆಟ್ಟರೆ ಅದರ ಮಾಲೀಕರು ಮೊದಲು ಬರುವುದು ನನ್ನ ಹತ್ತಿರ. "ಅಕ್ಕಾ, ನಿಮ್ಮಲ್ಲಿ ಹಳೆ ಕಾಪಿ ಏನರ ಅದಾವೇನ್ರಿ" ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳಿ ಕೇಳಿ ಈ ಪತ್ರ ಬರೆಯಲು ಕೂತಿದ್ದೇನೆ. ಕಂಪ್ಯೂಟರ್ ಮಾರುವವರಿಗೆ, ರಿಪೇರಿ ಮಾಡುವವರಿಗೆ, ಕಂಪ್ಯೂಟರ್ ಕಲಿಸುವವರಿಗೆ ನನ್ನದು ಒಂದೇ ವಿನಂತಿ. ಗಿರಾಕಿಗೆ ಕಂಪ್ಯೂಟರ್ ಒಪ್ಪಿಸುವ ಮೊದಲು ಬ್ಯಾಕಪ್, ಅಂದರೆ ಫೈಲ್‌ಗಳ ಇನ್ನೊಂದು ನಕಲು ಬೇರೆ ಕಡೆ ಉಳಿಯುವ ಏರ್ಪಾಡು, ಹಚ್ಚಿಕೊಡಿ. ಆಮೇಲೆ ಒಂದು ಫೈಲನ್ನು ಅಳಿಸಿ, ಬ್ಯಾಕಪ್‌ನಿಂದ ಅದನ್ನು ವಾಪಸ್ ತೆಗೆದು, ಅವರ ಕಣ್ಣೆದುರೇ ತೋರಿಸಿ.

ಬ್ಯಾಕಪ್ ಅದೆಯೇನು ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಹೇಳುವುದು, "ಹೌದ್ರಿ, ಡಿ ಡ್ರೈವ್‌ನಾಗ ಇಟ್ಟೀನ್ರಿ." ಈ ನಂಬಿಕೆ ಎಲ್ಲಿಂದ ಬಂತು ಗೊತ್ತು. ವಿಂಡೋಸ್ ಕೆಟ್ಟಾಗ ರಿಪೇರಿಯವರು ಸಿ ಡ್ರೈವ್ ಮಾತ್ರ ಅಳಿಸುತ್ತಿದ್ದರು, ಡಿ ಉಳಿಯುತ್ತಿತ್ತು. ಆದರೆ ಬಹುಪಾಲು ಮನೆಯ ಕಂಪ್ಯೂಟರ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕ್‌ನ ತುಂಡುಗಳು. ಒಂದೇ ಮನೆಯ ಎರಡು ಕೋಣೆ ಇದ್ದಂತೆ. ಮನೆ ಕುಸಿದರೆ ಯಾವ ಕೋಣೆ ಉಳಿಯುತ್ತದೆ? ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಮೇ ತಿಂಗಳ ಗಾಳಿ-ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿರುವುದು ಯಾರಿಗೂ ಗೊತ್ತಿರುವುದಿಲ್ಲ. ಇಂಥಲ್ಲಿ ಡಿಸ್ಕ್ ಹೋಗುವುದು ಅಪರೂಪದ ಸಂಗತಿ ಏನಲ್ಲ.

"ಹೋದರೆ ರಿಕವರಿ ಸಾಫ್ಟ್‌ವೇರ್ ಅದಲ್ಲ" ಎನ್ನುವವರೂ ಇದ್ದಾರೆ. ತಿರುಗುವ ಹಳೆ ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಫೈಲ್ ಎಷ್ಟೋ ಸಲ ಸಿಗುತ್ತಿತ್ತು. ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಒಳಗಿನ ಮಾಹಿತಿ ಹಾಗೇ ಇರುತ್ತಿತ್ತು. ಈಗಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಡಿಸ್ಕ್ ಇದೆ. ಅದರಲ್ಲಿ ಟ್ರಿಮ್ ಎಂಬ ಏರ್ಪಾಡು ಇರುತ್ತದೆ. ಅಳಿಸಿದ ಜಾಗವನ್ನು ವಿಂಡೋಸ್ ಡಿಸ್ಕ್‌ಗೆ ತಿಳಿಸುತ್ತದೆ, ಡಿಸ್ಕ್ ಅದನ್ನು ತಾನಾಗಿಯೇ ಖಾಲಿ ಮಾಡಿಕೊಳ್ಳುತ್ತದೆ. ರಿಸೈಕಲ್ ಬಿನ್ ಖಾಲಿ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಎಷ್ಟು ದುಡ್ಡಿನ ರಿಕವರಿ ಸಾಫ್ಟ್‌ವೇರ್ ತಂದರೂ ಬಹುತೇಕ ಏನೂ ಸಿಗುವುದಿಲ್ಲ.

ಇಷ್ಟಾದರೂ ಉಪಾಯ ಕಂಪ್ಯೂಟರ್ ಒಳಗೇ ಇದೆ. ವಿಂಡೋಸ್ 8ರಿಂದ ಈಚೆಗೆ ಫೈಲ್ ಹಿಸ್ಟರಿ ಎಂಬ ಸೌಲಭ್ಯ ಬಂದಿದೆ. 10ರಲ್ಲೂ ಇದೆ, 11ರಲ್ಲೂ ಇದೆ. 11ರಲ್ಲಿ ಕಂಟ್ರೋಲ್ ಪ್ಯಾನೆಲ್ ಒಳಗೆ, ಸಿಸ್ಟಂ ಆ್ಯಂಡ್ ಸೆಕ್ಯುರಿಟಿಯಲ್ಲಿ ಹುಡುಕಬೇಕು. ಹೊರಗಿನ ಒಂದು ಹಾರ್ಡ್ ಡಿಸ್ಕ್ ಚುಚ್ಚಿ, ಆನ್ ಮಾಡಿದರೆ ಮುಗಿಯಿತು. ತಾಸಿಗೊಮ್ಮೆ ಬದಲಾದ ಫೈಲ್‌ಗಳನ್ನು ಮಾತ್ರ ನಕಲು ಮಾಡಿಕೊಳ್ಳುತ್ತದೆ. ಬೇಕಾದರೆ ಹತ್ತು ನಿಮಿಷಕ್ಕೊಮ್ಮೆ ಎಂದೂ ಇಡಬಹುದು, ದಿನಕ್ಕೊಮ್ಮೆ ಎಂದೂ ಇಡಬಹುದು. ಹಳೆ ರೂಪವನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿ ಇಡುತ್ತದೆ. ನನ್ನ ಪ್ರಕಾರ ಸಾಮಾನ್ಯ ಜನರಿಗೆ ಬೇಕಾದ ದೊಡ್ಡ ಗುಣ ಇದೇ. ಡಿಸ್ಕ್ ಸಾಯುವುದಕ್ಕಿಂತ ಜಾಸ್ತಿ ಸಲ ಆಗುವುದು ಬೇರೆ. ಫೈಲ್ ಇರುತ್ತದೆ, ಒಳಗಿನ ಬರಹ ತಪ್ಪಿ ಬದಲಾಗಿರುತ್ತದೆ.

ನಮ್ಮಲ್ಲಿ ನಡೆದದ್ದನ್ನೇ ಹೇಳುತ್ತೇನೆ. ವಿಶ್ವವಿದ್ಯಾಲಯದ ಒಬ್ಬ ಸಂಶೋಧನಾ ವಿದ್ಯಾರ್ಥಿ ತತ್ವಪದಗಳ ಮೇಲೆ ಪ್ರಬಂಧ ಬರೆಯುತ್ತಿದ್ದ. ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಅಲೆದು, ಹಾಡುವ ಹಿರಿಯರ ಎದುರು ಮೊಬೈಲ್ ಇಟ್ಟು ಧ್ವನಿ ಹಿಡಿದು, ಕೇಳಿ ಕೇಳಿ ಬರೆದುಕೊಂಡಿದ್ದ. ಹಾಡಿದವರಲ್ಲಿ ಕೆಲವರು ಈಗ ಇಲ್ಲ. ತಿದ್ದುಪಡಿಗೆ ನನ್ನ ಕಂಪ್ಯೂಟರ್ ಮುಂದೆ ಕೂತ. ಗೈಡ್‌ಗೆ ಕಳಿಸಲು ಮೂರನೇ ಅಧ್ಯಾಯದ ಒಂದು ಭಾಗ ಮಾತ್ರ ಬೇಕಿತ್ತು. ಉಳಿದದ್ದನ್ನು ಅಳಿಸಿದ. ಬೇರೆ ಹೆಸರು ಕೊಡದೆ ಸೇವ್ ಒತ್ತಿ, ಮುಚ್ಚಿ ಹೋದ. ಮರುದಿನ ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಕ್ಕಾ, ಅಧ್ಯಾಯ ಹೋಗ್ಯಾದ್ರಿ" ಅಂದ.

ಕೂಡಿಸಿ ನೀರು ಕೊಟ್ಟೆ. ಆ ಫೈಲಿನ ಫೋಲ್ಡರ್ ತೆರೆದು ಫೈಲ್ ಹಿಸ್ಟರಿಯ ಕಿಟಕಿಗೆ ಹೋದೆ. ಕೆಳಗೆ ನಡುವೆ ಹಸಿರು ಬಣ್ಣದ ದುಂಡು ಗುಂಡಿ, ಅದರ ಎರಡೂ ಬದಿಗೆ ಬಾಣ. ಎಡ ಬಾಣ ಒತ್ತಿದರೆ ಒಂದೊಂದೇ ಹಿಂದಿನ ಹೊತ್ತಿಗೆ ಹೋಗುತ್ತದೆ. ಹಿಂದಿನ ಸಂಜೆಯದು, ಅದರ ಹಿಂದಿನ ತಾಸಿನದು, ಮಧ್ಯಾಹ್ನದ್ದು. ಮಧ್ಯಾಹ್ನದ ಪ್ರತಿಯನ್ನು ತೆರೆದು ನೋಡಿದೆವು. ಅಧ್ಯಾಯ ಪೂರ್ತಿ ಇತ್ತು, ಅಡಿಟಿಪ್ಪಣಿ ಸಮೇತ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಸಿರು ಗುಂಡಿ ಒತ್ತಿದರೆ ಹಳೆಯದು ಬಂದು ಈಗಿನದರ ಜಾಗದಲ್ಲೇ ಕೂರಲು ನೋಡುತ್ತದೆ. ಈಗಿನ ಫೈಲ್‌ನಲ್ಲೂ ಅವನ ಒಂದಷ್ಟು ಹೊಸ ತಿದ್ದುಪಡಿ ಇದ್ದವು. ಅದಕ್ಕೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಸ್ಟೋರ್ ಟು ಆರಿಸಿ ಬೇರೆ ಫೋಲ್ಡರ್‌ಗೆ ಇಳಿಸಿಕೊಂಡೆವು. ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಕೂಡಿಸಿದ. ಚಹಾ ತರಿಸಿ ಮುಗಿಯುವಷ್ಟರಲ್ಲಿ ಕೆಲಸ ಆಗಿತ್ತು. ಈ ರಿಸ್ಟೋರ್ ಟು ಎಂಬುದನ್ನು ಯಾವ ಕಂಪ್ಯೂಟರ್ ಕ್ಲಾಸಿನಲ್ಲೂ ತೋರಿಸಿಕೊಟ್ಟಿಲ್ಲ ಎಂದು ಅವನು ಅಂದ. ಬ್ಯಾಕಪ್‌ನ ಪಾಠವೆಂದರೆ ನಕಲು ಮಾಡುವುದರಲ್ಲೇ ಮುಗಿದುಬಿಡುತ್ತದೆ.

ಫೈಲ್ ಹಿಸ್ಟರಿಯ ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿದೆ. ಅದು ಹೊರಗಿನ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಇದ್ದ ರೂಪದಲ್ಲೇ ಇಡುತ್ತದೆ, ಹೆಸರಿನ ಕೊನೆಗೆ ದಿನಾಂಕ, ವೇಳೆ ಸೇರಿಸುತ್ತದೆ. ಕಂಪ್ಯೂಟರ್ ಪೂರ್ತಿ ಸತ್ತರೂ ಆ ಡಿಸ್ಕನ್ನು ಪಕ್ಕದ ಅಂಗಡಿಯ ಯಾವ ಕಂಪ್ಯೂಟರ್‌ಗೆ ಚುಚ್ಚಿದರೂ ಓದಬಹುದು. ಒಂದು ನೆನಪಿರಲಿ. ಆ ವೇಳೆ ನಮ್ಮ ಗಡಿಯಾರದ್ದಲ್ಲ, ಯುಟಿಸಿ ಎಂಬ ಜಾಗತಿಕ ವೇಳೆಯ ಲೆಕ್ಕದ್ದು. ಐದೂವರೆ ತಾಸು ಹಿಂದೆ ತೋರಿಸುತ್ತದೆ. ಮಧ್ಯಾಹ್ನ 12ರ ಪ್ರತಿಯ ಮೇಲೆ 06_30 ಎಂದಿರುತ್ತದೆ. ಇದು ಗೊತ್ತಿಲ್ಲದೆ ಬೆಳಗಿನ ಪ್ರತಿ ಎಂದುಕೊಂಡು ಬಿಟ್ಟವರನ್ನು ನೋಡಿದ್ದೇನೆ.

ಇದರಲ್ಲಿ ಕೊರತೆಯೂ ಇದೆ. ತಾನಾಗಿ ಅದು ನೋಡಿಕೊಳ್ಳುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್ ಇಂಥ ಫೋಲ್ಡರ್‌ಗಳನ್ನು ಮಾತ್ರ. ನಮ್ಮ ಜನರ ಕೆಲಸವೆಲ್ಲ ಡಿ ಡ್ರೈವ್‌ನಲ್ಲಿ ತಮ್ಮ ಹೆಸರಿನ ಫೋಲ್ಡರ್‌ನಲ್ಲಿ ಇರುತ್ತದೆ. ಬ್ಯಾಕಪ್ ಆನ್ ಎಂದು ತೋರಿಸುತ್ತದೆ, ಮುಖ್ಯವಾದದ್ದೇ ಅದರಲ್ಲಿ ಇರುವುದಿಲ್ಲ. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಕ್ಲೂಡ್ ಇನ್ ಲೈಬ್ರರಿ ಮೂಲಕ ಸೇರಿಸಬೇಕು. ಎರಡು ನಿಮಿಷದ ಕೆಲಸ. ಹಾಗೆಯೇ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿದೆ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಾದ ನುಡಿ, ಶ್ರೀಲಿಪಿಯ ಹಳೆ ಫಾಂಟ್‌ಗಳಲ್ಲಿ ಮಾಡಿದ ಕೆಲಸ ನಮ್ಮಲ್ಲಿ ರಾಶಿ ರಾಶಿ ಇದೆ. ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಯುನಿಕೋಡ್ ಅಕ್ಷರ ಪದ್ಧತಿಗೆ ಮುಂಚಿನ ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಪ್ರಬಂಧ ಎಲ್ಲ ಹಾಗೇ. ಫೈಲ್ ಉಳಿದು ಫಾಂಟ್ ಹೋದರೆ ತೆರೆದಾಗ ಕಾಣುವುದು ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ. ಆದ್ದರಿಂದ ಫಾಂಟ್ ಫೈಲ್‌ಗಳನ್ನೂ, ನುಡಿಯ ಇನ್‌ಸ್ಟಾಲ್ ಫೈಲನ್ನೂ ಬ್ಯಾಕಪ್ ಡಿಸ್ಕ್‌ನಲ್ಲೇ ಒಂದು ಫೋಲ್ಡರ್ ಮಾಡಿ ಇಡಬೇಕು. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್‌ನ ಫೈಲ್ ಇರುವವರು ಒಂದೊಂದು ಪಿಡಿಎಫ್ ಪ್ರತಿಯನ್ನೂ ಜೊತೆಗೆ ಇಡುವುದು ಒಳ್ಳೆಯದು.

ಈಗ ವಿಂಡೋಸ್ ಬ್ಯಾಕಪ್ ಎಂಬ ಹೆಸರಿನ ಇನ್ನೊಂದು ಆ್ಯಪ್ ಸ್ಟಾರ್ಟ್ ಮೆನುವಿನಲ್ಲೇ ಕಾಣುತ್ತದೆ. ಹೆಸರು ನೋಡಿ ಎಲ್ಲ ಅದರಲ್ಲೇ ಆಗುತ್ತದೆ ಎಂದು ಜನ ತಿಳಿಯುತ್ತಾರೆ. ಅದು ಸೆಟ್ಟಿಂಗ್‌ಗಳನ್ನೂ ಕೆಲವು ಫೋಲ್ಡರ್‌ಗಳನ್ನೂ ಇಂಟರ್ನೆಟ್ ಮೂಲಕ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಸಂಗ್ರಹಕ್ಕೆ ಕಳಿಸುತ್ತದೆ. ಅಲ್ಲಿ ಪುಕ್ಕಟೆ ಸಿಗುವ ಜಾಗ 5 ಜಿಬಿ. ಒಂದು ಮದುವೆಯ ಫೋಟೋಗೂ ಸಾಲದು. ಗೂಗಲ್‌ನಲ್ಲಿ 15 ಜಿಬಿ, ಅದರಲ್ಲೇ ಜಿಮೇಲ್, ಫೋಟೋಸ್, ಡ್ರೈವ್ ಮೂರೂ ಕೂರಬೇಕು. ಡಿ ಡ್ರೈವ್ ಆಗಲಿ, ಇನ್‌ಸ್ಟಾಲ್ ಮಾಡಿದ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ನುಡಿ ಆಗಲಿ ವಿಂಡೋಸ್ ಬ್ಯಾಕಪ್‌ನಲ್ಲಿ ಬರುವುದಿಲ್ಲ.

ಮತ್ತೆ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್‌ನ ಇಂಥ ಜಾಗಗಳಲ್ಲಿ, ಸಿಂಕ್ ಆಗುವ ಫೋಲ್ಡರ್ ಇದ್ದರೆ ಸಾಕು ಎಂಬ ಮಾತು. ಸಿಂಕ್ ಎಂದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲೂ ಕೆಡುತ್ತದೆ. ಅಳಿಸಿದ್ದು ಅಲ್ಲಿನ ಕಸದ ಬುಟ್ಟಿಯಲ್ಲಿ ಸುಮಾರು 30 ದಿನ ಇರುತ್ತದೆ. ಹಳೆ ರೂಪಗಳೂ ಒಂದಷ್ಟು ಸಿಗುತ್ತವೆ. ಆರು ತಿಂಗಳ ಮೇಲೆ ಗೊತ್ತಾದ ತಪ್ಪಿಗೆ ಅದು ಆಸರೆ ಆಗುವುದಿಲ್ಲ. ದೊಡ್ಡ ಸಂಗ್ರಹಕ್ಕೆ ನಮ್ಮ ಇಂಟರ್ನೆಟ್ಟೂ ಸಾಲದು. ಅಪ್‌ಲೋಡ್ ವೇಗ ಸೆಕೆಂಡಿಗೆ 20 ಮೆಗಾಬಿಟ್ ಇದ್ದರೆ 200 ಜಿಬಿ ಮೇಲೇರಲು 22 ತಾಸಿಗೂ ಜಾಸ್ತಿ ಬೇಕು. ಅದೂ ಎಲ್ಲೂ ಕರೆಂಟ್ ಹೋಗದಿದ್ದರೆ. ಯುಎಸ್‌ಬಿ 3 ಹಾರ್ಡ್ ಡಿಸ್ಕ್‌ಗೆ ಅಷ್ಟೇ ದೊಡ್ಡ ಫೈಲ್‌ಗಳು ಅರ್ಧ-ಮುಕ್ಕಾಲು ತಾಸಿನಲ್ಲಿ ಹೋಗುತ್ತವೆ. ಪ್ರಬಂಧ, ಪ್ರಮಾಣಪತ್ರ, ಲೆಕ್ಕದಂಥ ಸಣ್ಣ ಗಾತ್ರದ್ದನ್ನು ಕ್ಲೌಡ್‌ಗೂ ಹಾಕಿ. ಫೋಟೋ, ವಿಡಿಯೋ ಡಿಸ್ಕ್‌ಗೆ ಇರಲಿ ಎಂದು ನಾನು ಗಿರಾಕಿಗಳಿಗೆ ಹೇಳುತ್ತೇನೆ.

ಕಂಪ್ಯೂಟರನ್ನು ಇದ್ದಂತೆ, ವಿಂಡೋಸ್ ಸಮೇತ ಎತ್ತಿಡುವ ಸಾಫ್ಟ್‌ವೇರ್‌ಗಳೂ ಇವೆ. ಇಮೇಜ್ ಬ್ಯಾಕಪ್ ಎನ್ನುತ್ತಾರೆ. ಡಿಸ್ಕ್ ಹೋದರೆ ಹೊಸ ಡಿಸ್ಕ್ ಹಾಕಿ, ರೆಸ್ಕ್ಯೂ ಪೆನ್‌ಡ್ರೈವ್‌ನಿಂದ ಶುರುಮಾಡಿ, ಟ್ಯಾಲಿ, ನುಡಿ, ಪ್ರಿಂಟರ್ ಡ್ರೈವರ್ ಎಲ್ಲವನ್ನೂ ಒಟ್ಟಿಗೆ ವಾಪಸ್ ತರಬಹುದು. ವೀಮ್ ಏಜೆಂಟ್‌ನ ಉಚಿತ ಆವೃತ್ತಿ ಇದನ್ನು ಮಾಡುತ್ತದೆ. ಕ್ಲೋನ್‌ಜಿಲ್ಲಾ ಕೂಡ ಮಾಡುತ್ತದೆ, ಆದರೆ ಅದು ಹೊಸಬರಿಗಲ್ಲ. ವೀಮ್‌ನಂಥವುಗಳಲ್ಲಿ ಮೊದಲು ಪೂರ್ತಿ ನಕಲು, ಆಮೇಲೆ ದಿನದಿನದ ಬದಲಾವಣೆ ಮಾತ್ರ ಎಂಬ ಪದ್ಧತಿ ಇರುತ್ತದೆ. ಜಾಗ, ಹೊತ್ತು ಉಳಿಯುತ್ತದೆ. ಆದರೆ ಭಾನುವಾರ ಪೂರ್ತಿ ತೆಗೆದಿದ್ದರೆ ಬುಧವಾರದ ಸ್ಥಿತಿಗೆ ಬರಲು ಭಾನುವಾರದ್ದು, ಸೋಮವಾರದ್ದು, ಮಂಗಳವಾರದ್ದು, ಬುಧವಾರದ್ದು ಎಲ್ಲ ತುಂಡೂ ಸರಿ ಇರಬೇಕು. ನಡುವಿನ ಒಂದು ಕೆಟ್ಟರೆ ಮುಂದಿನದೆಲ್ಲ ವ್ಯರ್ಥ. ಅದಕ್ಕೇ ಸಾಫ್ಟ್‌ವೇರ್‌ನಲ್ಲಿ ನಕಲು ಸರಿ ಇದೆಯೇ ಎಂದು ನೋಡುವ ವೆರಿಫೈ ಎಂಬ ಗುರುತು ಇದ್ದರೆ ಅದನ್ನು ಹಾಕಿಯೇ ಹಾಕಬೇಕು. ಉಚಿತ ಎಂಬುದರ ಮೇಲೆ ಪೂರ್ತಿ ಭಾರ ಬಿಡುವುದೂ ಬೇಡ. ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಯನ್ನು ಎಷ್ಟೋ ಜನ ನೆಚ್ಚಿದ್ದರು, 2024ರ ಜನವರಿಗೆ ಅದರ ಅಪ್‌ಡೇಟ್ ನಿಂತಿತು. ಆದ್ದರಿಂದ ಇಮೇಜ್ ಇದ್ದರೂ ಮುಖ್ಯ ಫೈಲ್‌ಗಳ ಒಂದು ಸಾದಾ ನಕಲು, ಯಾವ ಸಾಫ್ಟ್‌ವೇರೂ ಇಲ್ಲದೆ ತೆರೆಯುವಂಥದ್ದು, ಬೇರೆ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೆಹರು ಗಂಜ್‌ನ ವ್ಯಾಪಾರಸ್ಥರಿಗೆ ಇಲ್ಲಿ ಎರಡು ಮಾತು. ಟ್ಯಾಲಿಯ ಲೆಕ್ಕ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಕೂತಿರುವುದಿಲ್ಲ, ಅದರದೇ ಬೇರೆ ಡೇಟಾ ಫೋಲ್ಡರ್ ಇರುತ್ತದೆ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ವೈ ಒತ್ತಿದರೆ ಬ್ಯಾಕಪ್, ರಿಸ್ಟೋರ್ ಎರಡೂ ಬರುತ್ತವೆ. ರಿಸ್ಟೋರ್ ಮಾಡಿ ನೋಡುವಾಗ ಬೇರೆ ಖಾಲಿ ಫೋಲ್ಡರ್‌ಗೆ ಮಾಡಿ. ಈಗಿನ ಲೆಕ್ಕದ ಮೇಲೇ ಹಳೆಯದನ್ನು ಎಳೆದುಕೊಂಡರೆ ಇದ್ದದ್ದೂ ಹೋಗುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ಲೆಕ್ಕದ ದಾಖಲೆಯನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಕಾಪಾಡಬೇಕು. ಅಷ್ಟು ವರ್ಷ ಒಂದೇ ಕಂಪ್ಯೂಟರ್ ಬಾಳುತ್ತದೆ ಎಂದು ನಂಬಿ ಕೂರುವುದು ಸರಿಯಲ್ಲ. ಇನ್ನು ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಂವೇರ್ ಇದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಜಗತ್ತನ್ನೇ ಗಾಬರಿ ಮಾಡಿತ್ತಲ್ಲ, ಆ ಜಾತಿಯದು. ಅದು ಬಂದ ಹೊತ್ತಿಗೆ ಹೊರಗಿನ ಡಿಸ್ಕ್ ಚುಚ್ಚಿದ್ದರೆ ಅದರೊಳಗಿನ ಬ್ಯಾಕಪ್‌ಗೂ ಬೀಗ ಬೀಳುತ್ತದೆ. ಅದಕ್ಕೆ ನಾನು ನೋಡುವ ಮಿಲ್‌ಗಳಲ್ಲಿ ಎರಡು ಡಿಸ್ಕ್ ಮಾಡಿಸಿದ್ದೇನೆ. ಒಂದು ವಾರ ಒಂದು, ಮುಂದಿನ ವಾರ ಇನ್ನೊಂದು. ಬಳಸದ್ದು ಸಾಹುಕಾರರ ಮನೆಯ ಕಪಾಟಿನಲ್ಲಿ ಇರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂದು ತಿಳಿದವರು ಹೇಳುವ 3-2-1 ಲೆಕ್ಕವನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಮಾಡಿಕೊಂಡದ್ದು ಇದು. ಮಾರ್ಚ್ 31ನ್ನು 2011ರಿಂದ ವಿಶ್ವ ಬ್ಯಾಕಪ್ ದಿನ ಎಂದು ಆಚರಿಸುತ್ತಾರೆ. ನಮಗಂತೂ ಅದು ವರ್ಷದ ಲೆಕ್ಕ ಮುಗಿಯುವ ದಿನ. ಅವತ್ತು ಹೇಗೂ ರಾತ್ರಿಯವರೆಗೆ ಕೂರುತ್ತೇವೆ, ಅದೇ ದಿನ ಒಂದು ರಿಸ್ಟೋರ್ ಮಾಡಿ ನೋಡಿಬಿಡಬಹುದು.

ಕೊನೆಗೆ ನನ್ನನ್ನು ಜಾಸ್ತಿ ನೋಯಿಸಿದ ವಿಷಯ. ಆಳಂದದಲ್ಲಿರುವ ನನ್ನ ತಮ್ಮ ಒಂದು ಅಂಗಡಿಯಿಂದ ಹೊಸ ಲ್ಯಾಪ್‌ಟಾಪ್ ತಂದ. ಶುರುಮಾಡುವಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಬೇಗ ಮುಗಿಯಲಿ ಎಂದು ಅಂಗಡಿಯ ಹುಡುಗ ತನ್ನದೇ ಮೊಬೈಲ್ ನಂಬರ್ ಹಾಕಿ ಒಂದು ಇಮೇಲ್ ಮಾಡಿ, ಅದರಲ್ಲೇ ಒಳಹೋಗಿ ಕೊಟ್ಟ. ಇತ್ತೀಚಿನ ವಿಂಡೋಸ್ 11ರಲ್ಲಿ ಹೀಗೆ ಖಾತೆಯಿಂದ ಶುರುಮಾಡಿದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುವುದು, ಅಂದರೆ ಕೀ ಇಲ್ಲದೆ ಓದಲು ಬಾರದಂತೆ ಬೀಗ ಬೀಳುವುದು, ಸಾಮಾನ್ಯ. ಅದರ 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲಿ ಹೋಗಿ ಕೂರುತ್ತದೆ. ಇದನ್ನು ನನ್ನ ತಮ್ಮನಿಗೆ ಯಾರೂ ಹೇಳಲಿಲ್ಲ. ಮುಂದೆ ಮದರ್‌ಬೋರ್ಡ್ ಕೆಟ್ಟು ಬದಲಾಯಿಸಿದಾಗ ನೀಲಿ ಪರದೆ ಬಂದು ಆ ಕೀ ಕೇಳಿತು. ಹುಡುಗ ಅಂಗಡಿ ಬಿಟ್ಟು ಬೇರೆ ಊರಿಗೆ ಹೋಗಿದ್ದ. ಆ ನಂಬರ್ ಬಂದ್ ಆಗಿತ್ತು. ಅಂಗಡಿಯವರು ಫಾರ್ಮ್ಯಾಟ್ ಮಾಡಿಕೊಡ್ತೀವಿ ಅಂದರೇ ಹೊರತು ಬೇರೆ ಮಾತಾಡಲಿಲ್ಲ. ಡಿಸ್ಕ್ ಚೆನ್ನಾಗಿಯೇ ಇದೆ, ಒಳಗೆ ಎಲ್ಲ ಇದೆ, ತೆರೆಯಲು ಬರುವುದಿಲ್ಲ. ಅದರಲ್ಲಿ ನಮ್ಮ ಅಪ್ಪನ ಕೊನೆಯ ವರ್ಷದ ಫೋಟೋಗಳಿದ್ದವು.

ಈ ಎನ್‌ಕ್ರಿಪ್ಷನ್ ಬೇಡ ಎಂದು ನಾನು ಹೇಳುತ್ತಿಲ್ಲ. ಲ್ಯಾಪ್‌ಟಾಪ್ ಕಳುವಾದರೆ ಅದೇ ನಮ್ಮನ್ನು ಕಾಯುತ್ತದೆ. ಆದರೆ ಖಾತೆ ಗಿರಾಕಿಯ ಹೆಸರಿನಲ್ಲಿ, ಗಿರಾಕಿಯ ನಂಬರಿನಲ್ಲಿ ಇರಬೇಕು. ಆ ಕೀಯನ್ನು ಒಂದು ಹಾಳೆಗೆ ಪ್ರಿಂಟ್ ತೆಗೆದು ಬಿಲ್ ಜೊತೆ ಪಿನ್ ಮಾಡಿ ಕೊಡಬೇಕು. ಬ್ಯಾಕಪ್ ಸಾಫ್ಟ್‌ವೇರ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಅದಕ್ಕೂ ಇದೇ ಮಾತು. ಪಾಸ್‌ವರ್ಡ್ ಮರೆತರೆ ಸಾಫ್ಟ್‌ವೇರ್ ಮಾಡಿದವರೂ ತೆರೆದುಕೊಡಲಾರರು.

ಕಲಬುರಗಿ, ಬೀದರ್, ಯಾದಗಿರಿಯ ಕಂಪ್ಯೂಟರ್ ಅಂಗಡಿಗಳವರು ಬಿಲ್ಲಿನ ಹಿಂದೆ ಒಂದು ನಾಲ್ಕು ಸಾಲು ಅಚ್ಚು ಹಾಕಿಸಲಿ. ಖಾತೆ ಯಾರ ಹೆಸರಿನಲ್ಲಿದೆ, ರಿಕವರಿ ಕೀ ಕೊಟ್ಟಿದ್ದೇವೆಯೇ, ಬ್ಯಾಕಪ್ ಯಾವ ಫೋಲ್ಡರ್‌ಗಳದ್ದು ಆಗುತ್ತಿದೆ, ಒಂದು ಫೈಲ್ ವಾಪಸ್ ತೆಗೆದು ತೋರಿಸಿದ್ದೇವೆಯೇ. ಕೆಳಗೆ ಗಿರಾಕಿಯ ಸಹಿ ಇರಲಿ. ಈ ಕೆಲಸಕ್ಕೆ ನೂರಿನ್ನೂರು ರೂಪಾಯಿ ಜಾಸ್ತಿ ತೆಗೆದುಕೊಂಡರೂ ಯಾರೂ ಬೇಡ ಅನ್ನುವುದಿಲ್ಲ. ಕಂಪ್ಯೂಟರ್ ಕ್ಲಾಸ್ ನಡೆಸುವವರು ವರ್ಡ್, ಎಕ್ಸೆಲ್ ಜೊತೆಗೆ ಒಂದು ದಿನ ರಿಸ್ಟೋರ್‌ಗೆ ಕೊಡಲಿ, ಪರೀಕ್ಷೆಯಲ್ಲೂ ಅದನ್ನು ಮಾಡಿಸಲಿ. ಪಿಎಚ್‌ಡಿ ಗೈಡ್‌ಗಳು ತಮ್ಮ ವಿದ್ಯಾರ್ಥಿಗಳನ್ನು "ಅಧ್ಯಾಯ ಎಲ್ಲಿ" ಎಂದು ಕೇಳುವಾಗ "ಅದರ ಬ್ಯಾಕಪ್ ಎಲ್ಲಿ" ಎಂದೂ ಕೇಳಲಿ. ನಿಮ್ಮ ಪತ್ರಿಕೆಯಲ್ಲೂ ಫೈಲ್ ಹಿಸ್ಟರಿ ಹಚ್ಚುವ, ಅದರಿಂದ ಫೈಲ್ ತೆಗೆಯುವ ವಿಧಾನವನ್ನು ಚಿತ್ರ ಸಮೇತ ಕನ್ನಡದಲ್ಲಿ ಅರ್ಧ ಪುಟ ಹಾಕಿ. ಅದನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿ ನನ್ನ ಕೇಂದ್ರದ ಗೋಡೆಗೆ ಅಂಟಿಸುತ್ತೇನೆ, ಬೇಕೆಂದವರಿಗೆ ಜೆರಾಕ್ಸ್ ಪುಕ್ಕಟೆ ಕೊಡುತ್ತೇನೆ.

ಇಂತಿ ನಿಮ್ಮ ಓದುಗಳು,
ಡಿಟಿಪಿ ಕೇಂದ್ರ, ಸೂಪರ್ ಮಾರ್ಕೆಟ್, ಕಲಬುರಗಿ